ಮೊಣಕಾಲುದ್ದ ನೀರಿನ ಪಂಖಾ

ಕಡಿಮೆ ನೀರಿನಲ್ಲಿ ದೋಣಿ ಓಡಿಸಲು ಹೊರಟವರಿಗೆ ನೀರಿನ ಕೊರತೆ ಇರಬಹುದು, ವಿಚಿತ್ರ ಪ್ರಸಂಗಗಳ ಕೊರತೆ ಇರುವುದಿಲ್ಲ. ನನ್ನ ಅನುಭವ ಒಬ್ಬನೇ ಅಂಬಿಗನ ದೋಣಿಗಳದು, ಆದರೂ ಹೇಳುವಷ್ಟಿದೆ. ಮೊದಲು ಪ್ರೊಪೆಲ್ಲರ್ ಎಂದರೇನು ಎಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಯಂತ್ರದ ದೋಣಿಯ ಹಿಂಭಾಗದಲ್ಲಿ, ನೀರಿನೊಳಗೆ ತಿರುಗುವ ಲೋಹದ ಪಂಖಾ ಅದು. ಮನೆಯ ಫ್ಯಾನಿನ ಹಾಗೆಯೇ, ಆದರೆ ರೆಕ್ಕೆಗಳು ಗಿಡ್ಡ ಮತ್ತು ದಪ್ಪ. ಅದು ನೀರನ್ನು ಹಿಂದಕ್ಕೆ ತಳ್ಳುತ್ತದೆ, ದೋಣಿ ಮುಂದಕ್ಕೆ ಹೋಗುತ್ತದೆ. ನೀರು ಕಡಿಮೆಯಾದರೆ ಅದೇ ಪಂಖಾ ತಳದ ಕಲ್ಲಿಗೆ ಬಡಿದು ಮುದುಡಿಹೋಗುತ್ತದೆ. ಇಲ್ಲಿರುವ ಮಾತುಕತೆಯೆಲ್ಲ, ನನ್ನ ಹೆಂಡತಿಯದನ್ನು ಬಿಟ್ಟು, ಮರಾಠಿಯಲ್ಲಿ ನಡೆದದ್ದು. ನಾನು ನಮ್ಮ ಬೀದರ್ ಕಡೆಯ ಕನ್ನಡದಲ್ಲಿ ಬರೆದಿದ್ದೇನೆ.

ನದಿ ಊರಿನವ

ಇದು ಎರಡು ಸಾವಿರದ ಹತ್ತರ ಆಚೀಚಿನ ಮಾತು. ನಾನು ಭಾಲ್ಕಿಯವನು, ನಾಸಿಕ್‌ನ ಸಾತಪುರದ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದೆ. ನಾವು ಮಾಡುತ್ತಿದ್ದದ್ದು ನೀರೆತ್ತುವ ಪಂಪಿನ ಒಳಗಿನ ಪಂಖಾ. ದೋಣಿಗೂ ನಮಗೂ ಯಾವ ಸಂಬಂಧವೂ ಇರಲಿಲ್ಲ.

ಒಂದು ದಿನ ಒಬ್ಬ ಅಂಬಿಗ ಗೋಣಿಚೀಲ ಹೊತ್ತು ಬಂದ. ನಾಸಿಕ್‌ನಿಂದ ಕೆಳಗೆ ಗೋದಾವರಿಯಲ್ಲಿ, ಆಗ ಔರಂಗಾಬಾದ್ ಎನ್ನುತ್ತಿದ್ದ ಈಗಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿ, ಅವನ ಘಾಟ್. ಅಂದರೆ ಜನರನ್ನು ಈ ದಡದಿಂದ ಆ ದಡಕ್ಕೆ ದಾಟಿಸುವ ಕಟ್ಟೆ. ಚೀಲ ಕೊಡವಿದಾಗ ಮಡಚಿದ ಚಪಾತಿಯಂಥ ಪಂಖಾಗಳು ನೆಲಕ್ಕೆ ಬಿದ್ದವು.

"ಎಲ್ಲಾ ಕಲ್ಲು ತಿಂದಾವ ಶೇಟ್. ಬ್ಯಾಸಗ್ಯಾಗ ಮೊಣಕಾಲುದ್ದ ನೀರು ಇರ್ತದ. ಅದ್ರಾಗೂ ದೋಣಿ ನಡೀತದಂತ ತೋರಿಸಿದ್ರ ಲೈಸೆನ್ಸ್ ಇರ್ತದ, ಇಲ್ಲಂದ್ರ ಈ ಸಲ ಘಾಟ್ ಬಂದ್ ಮಾಡ್ತಾರ. ನಮ್ಮಪ್ಪನ ಕಾಲದ್ದು, ನನಗ ಬ್ಯಾರೆ ಕೆಲಸ ಬರಂಗಿಲ್ಲ."

ನಮ್ಮ ಮಾಲೀಕರಾದ ಶೇಟ್ ಒಂದು ಪಂಖಾ ಎತ್ತಿ ನೋಡಿದರು. "ಇದು ತಿರುಗ್ತದಲ್ಲ? ತಿರುಗೋದೆಲ್ಲ ನಾವು ಮಾಡ್ತೀವಿ." ಆಮೇಲೆ ನನ್ನ ಕಡೆ ಬೆರಳು ತೋರಿಸಿದರು. "ಇವರ ಊರು ನದೀ ದಂಡಿ ಮ್ಯಾಲೆ ಅದ. ಇವರು ಮಾಡಿಕೊಡ್ತಾರ."

ನಮ್ಮ ತಾಲ್ಲೂಕಿನಲ್ಲಿ ಮಾಂಜ್ರಾ ನದಿ ಹರಿಯುವುದು ನಿಜ. ನಾನು ಅದನ್ನು ನೋಡಿದ್ದು ಬಸ್ಸು ಸೇತುವೆ ದಾಟುವಾಗ, ಅದೂ ಕಿಟಕಿಯ ಸೀಟು ಸಿಕ್ಕರೆ. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಂಬಿಗ ನನ್ನ ಎರಡೂ ಕೈ ಹಿಡಿದುಕೊಂಡಿದ್ದ. "ಸಾಹೇಬ್, ಈಜು ಬರ್ತದಲ್ಲ?"

"ಮೀನಿದ್ದಂಗ," ಎಂದರು ಶೇಟ್.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ.

"ನಿಮಗ ಈಜು ಎಲ್ಲಿ ಬರ್ತದ್ರಿ?"

"ಬರಂಗಿಲ್ಲ."

"ಮೊಣಕಾಲುದ್ದ ನೀರು ಅಂದ್ರಲ್ಲ. ಮುಳುಗಿದ್ರ ಎದ್ದು ನಿಂದರ್ರಿ."

ಮುಂದೆ ಎಂದರೆ ಹಿಂದೆ

ಆಳವಿಲ್ಲದ ನೀರಿಗೆ ಪಂಖಾ ಸಣ್ಣದಾಗಬೇಕು. ಸಣ್ಣದಾದರೆ ಶಕ್ತಿ ಕಡಿಮೆಯಾಗುತ್ತದೆ, ಆದ್ದರಿಂದ ರೆಕ್ಕೆಗಳು ಅಗಲವಾಗಬೇಕು, ಮೂರರ ಜಾಗದಲ್ಲಿ ನಾಲ್ಕಾಗಬೇಕು. ಇಷ್ಟನ್ನು ನಾನು ಸರಿಯಾಗಿಯೇ ಮಾಡಿದೆ. ಆದರೆ ರೆಕ್ಕೆಗಳು ಯಾವ ಕಡೆಗೆ ವಾರೆಯಾಗಿರಬೇಕು ಎಂಬುದು ಎಂಜಿನ್ ಯಾವ ಕಡೆಗೆ ತಿರುಗುತ್ತದೆ ಎಂಬುದರ ಮೇಲೆ ನಿಂತಿದೆ. ನಾನು ಎಂಜಿನ್ ನೋಡದೆ, ನಮ್ಮ ಪಂಪಿನ ಅಭ್ಯಾಸದಲ್ಲಿ ವಾರೆ ಕೊಟ್ಟಿದ್ದೆ.

ಅಂಬಿಗ ತನ್ನ ಸಣ್ಣ ದೋಣಿಯನ್ನು ಟೆಂಪೋದಲ್ಲಿ ಹಾಕಿಕೊಂಡು ನಾಸಿಕ್‌ಗೆ ಬಂದ. ಊರ ಹೊರಗೆ ಗೋದಾವರಿಗೆ ಇಳಿಸಿದೆವು. ಅವನು ಮುಂದಿನ ಗೇರು ಹಾಕಿದ. ದೋಣಿ ಹಿಂದಕ್ಕೆ ಹೊರಟು, ನೀರಿನಲ್ಲಿ ಮಲಗಿದ್ದ ಎಮ್ಮೆಗಳ ನಡುವೆ ಹೋಗಿ ನಿಂತಿತು. ಎಮ್ಮೆಗಳು ಏಳಲಿಲ್ಲ. ಅಂಬಿಗ ಸ್ವಲ್ಪ ಯೋಚಿಸಿ ಹಿಂದಿನ ಗೇರು ಹಾಕಿದ. ದೋಣಿ ಮುಂದಕ್ಕೆ ಬಂತು.

"ನಡೀತು ನೋಡ್ರಿ ಸಾಹೇಬ್. ಕೆಲಸ ಮುಗೀತು."

"ಅದು ರಿವರ್ಸ್ ಗೇರು. ಅದ್ರಾಗ ಪೂರ್ತಿ ಜೋರು ಇರಂಗಿಲ್ಲ. ಬ್ಯಾರೆ ಪಂಖಾ ಮಾಡಬೇಕು."

"ಮುಂದ ಯಾವುದು ಹಿಂದ ಯಾವುದು, ಅದು ಗೇರಿಗೇನು ಗೊತ್ತು?"

ಅಷ್ಟರಲ್ಲಿ ಶೇಟ್ ಫೋನ್ ಮಾಡಿದರು. "ಓಡ್ತೇನು?"

"ಓಡ್ತು ಶೇಟ್, ಆದ್ರ ಹಿಂದಕ್ಕ."

"ವಾಪಸ್ ಬಂದಿದ್ದು ಆಮ್ಯಾಲೆ ಹೇಳ್ರಿ. ಮೊದಲು ಹೋಗಿದ್ದು ಹೇಳ್ರಿ."

ನಾಳೆ ಬೇಗ ಬರ್ರಿ

ಎರಡನೆಯ ಪಂಖಾದ ವಾರೆ ಸರಿಯಿತ್ತು. ಪರೀಕ್ಷಿಸಲು ಈ ಸಲ ಊರೊಳಗಿನ ಸ್ನಾನದ ಘಾಟುಗಳ ಕೆಳಗೆ ಹೋದೆವು, ಅಲ್ಲಿ ನೀರು ಕಡಿಮೆ ಎಂದು. ಹಿಂದಿನ ದಿನ ಯಾವುದೋ ಪರ್ವ ಇತ್ತು ಎಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ. ಎಂಜಿನ್ ಶುರು ಮಾಡಿದ ಕೂಡಲೇ ಪಂಖಾ ಒಂದು ಚೆಂಡುಹೂವಿನ ಹಾರವನ್ನು ಸುತ್ತಿಕೊಂಡು ನಿಂತಿತು. ಬಿಡಿಸಿ ಮತ್ತೆ ಶುರು ಮಾಡಿದರೆ ಒಂದು ಪಂಚೆ. ಅದನ್ನು ಬಿಡಿಸಿದರೆ ಅರ್ಧ ಸೀರೆ. ಅಂಬಿಗ ಬಾಗಿ ಒಂದೊಂದನ್ನೇ ಎಳೆದು ಕೊಡುತ್ತಿದ್ದ, ನಾನು ದೋಣಿಯಲ್ಲಿ ಗುಡ್ಡೆ ಹಾಕುತ್ತಿದ್ದೆ.

ದಡದಲ್ಲಿ ಸೀಟಿ ಕೇಳಿಸಿತು. ನದಿ ಸ್ವಚ್ಛ ಮಾಡಿಸುವ ಮುಕಾದಮ, ಅಂದರೆ ಕೆಲಸದವರ ಮೇಲಿನವನು, ಕೈ ಬೀಸುತ್ತಿದ್ದ.

"ಅಲ್ಲಿ ಬಿಟ್ರಲ್ಲ. ಆ ಕಂಬದ ಹತ್ರ ಇನ್ನೂ ಅದ."

"ನಾವು ಆ ಕೆಲಸದವರಲ್ಲ, ಪಂಖಾದವರು," ಎಂದು ಕೂಗಿದೆ.

"ಯಾವ ಪಾರ್ಟಿಯವರಾದ್ರೂ ಆಗಲಿ. ಕಂಬದ ಹತ್ರ ತಗೀರಿ."

ನಾನು ವಿವರಿಸಲು ಶುರು ಮಾಡಿದೆ. ವಿವರಣೆ ಉದ್ದವಾಯಿತು. ಅಷ್ಟರಲ್ಲಿ ಅಂಬಿಗ ಕಂಬದ ಹತ್ತಿರದ್ದನ್ನೂ ತೆಗೆದಿದ್ದ. ಮಧ್ಯಾಹ್ನದ ಹೊತ್ತಿಗೆ ಆ ಭಾಗದ ನದಿ ಪೂರ್ತಿ ಸ್ವಚ್ಛವಾಗಿತ್ತು, ಪಂಖಾದ ಪರೀಕ್ಷೆ ಮಾತ್ರ ಆಗಿರಲಿಲ್ಲ. ಮುಕಾದಮ ನಮ್ಮಿಬ್ಬರಿಗೂ ಚಹಾ ಕುಡಿಸಿ, "ಕೆಲಸ ಛಲೋ ಮಾಡ್ತೀರಿ. ನಾಳೆ ಸ್ವಲ್ಪ ಲಗೂನ ಬರ್ರಿ," ಎಂದ.

ತೂಕದ ಪ್ರಶ್ನೆ

ಕೊನೆಗೆ ಸರಿಹೋದದ್ದು ಹೀಗೆ. ಅಂಬಿಗನ ದೊಡ್ಡ ದೋಣಿಯ ತಳದಲ್ಲಿ, ಹಿಂಭಾಗಕ್ಕೆ, ಬೋರಲು ಹಾಕಿದ ದೋಸೆಯ ಮಡಿಕೆಯಂಥ ಒಂದು ಗುಣಿ ಮಾಡಿಸಿದೆವು. ದೋಸೆಯ ಉಪಮೆ ಸರಿಯಿಲ್ಲ, ಉದ್ದಕ್ಕೆ ಸೀಳಿ ಬೋರಲು ಹಾಕಿದ ಕೊಳವೆ ಎನ್ನಬಹುದು. ಎಂಜಿನ್ನನ್ನು ಮೇಲಕ್ಕೆತ್ತಿ ಕೂರಿಸಿದೆವು. ದೋಣಿ ಓಡುವಾಗ ನೀರು ಆ ಗುಣಿಯಲ್ಲಿ ಮೇಲೆದ್ದು ಬಂದು ಪಂಖಾಕ್ಕೆ ಸಿಗುತ್ತದೆ, ಪಂಖಾ ದೋಣಿಯ ತಳಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಒಂದೇ ಷರತ್ತು, ದೋಣಿ ಸಮನಾಗಿರಬೇಕು. ಜನ ಹಿಂದೆಯೇ ಕೂತರೆ ಬಾಲ ತಗ್ಗಿ ನೆಲಕ್ಕೆ ತಾಗುತ್ತದೆ.

ಅಂಬಿಗನ ಘಾಟಿನಲ್ಲಿ ಸಂತೆಗೆ ಹೊರಟ ಹೆಂಗಸರನ್ನು ಕೂರಿಸಿ ನೋಡುವುದೆಂದಾಯಿತು. ಎಲ್ಲರೂ ಹಿಂದೆ ಕೂತರು. ನಾನು ಲೆಕ್ಕದ ಪ್ರಕಾರ ಕೂರಿಸೋಣ ಎಂದು ಮೊದಲನೆಯವಳನ್ನು ಕೇಳಿದೆ, "ಬಾಯೀ, ನಿಮ್ಮ ತೂಕ ಎಷ್ಟು?"

"ನನ್ನ ಗಂಡನಿಗೇ ಹೇಳಿಲ್ಲ," ಎಂದಳು ಅವಳು.

"ಇವನು ದೋಣಿಯವನೋ, ಹೆಣ್ಣು ನೋಡಲಿಕ್ಕ ಬಂದವನೋ?" ಎಂದಳು ಇನ್ನೊಬ್ಬಳು.

ಅಂಬಿಗ ನನ್ನ ನೆರವಿಗೆ ಬಂದ. "ಹೋಗ್ಲಿ ಬಿಡ್ರಿ. ಭಾರ ಇದ್ದವರಷ್ಟೇ ಮುಂದ ಹೋಗ್ರಿ." ಯಾರೂ ಕದಲಲಿಲ್ಲ. "ವಯಸ್ಸಾದವರು ಮುಂದ ಹೋಗ್ರಿ." ಈಗ ಹಿಂದಿದ್ದವರು ಇನ್ನಷ್ಟು ಹಿಂದಕ್ಕೆ ಸರಿದರು.

ನನಗೊಂದು ಉಪಾಯ ಹೊಳೆಯಿತು. ಬಿಸಿಲು ಜೋರಾಗಿತ್ತು. ದೋಣಿಯ ಮುಂಭಾಗಕ್ಕೆ ಒಂದು ತಾಡಪತ್ರಿ ಕಟ್ಟಿ ನೆರಳು ಮಾಡಿದೆ. ಹೆಂಗಸರೆಲ್ಲ ಒಟ್ಟಿಗೆ ಎದ್ದು ನೆರಳಿಗೆ ಹೋದರು. ದೋಣಿಯ ಮೂಗು ಮರಳಿನಲ್ಲಿ ಹೂತುಕೊಂಡಿತು, ಬಾಲ ಮೇಲೆದ್ದಿತು, ಪಂಖಾ ಗಾಳಿಯಲ್ಲಿ ತಿರುಗತೊಡಗಿತು.

ಅಂಬಿಗ ಅದನ್ನು ಬಹಳ ಹೊತ್ತು ನೋಡಿದ. "ಇನ್ನ ಕಲ್ಲು ತಾಗಂಗಿಲ್ಲ ಬಿಡ್ರಿ ಸಾಹೇಬ್."

ನೀರು ತಂದ ಸಾಹೇಬರು

ಸರ್ಕಾರಿ ಪರೀಕ್ಷೆ ಬೇಸಿಗೆಯ ನಡುವೆ ನಿಗದಿಯಾಯಿತು. ಪರೀಕ್ಷೆ ಮಾಡುವ ಅಧಿಕಾರಿ ಮರುದಿನವೇ ವರ್ಗವಾಗಿ ಹೋಗುವವರಿದ್ದರು. ಆ ದಿನ ದೋಣಿ ಕಡಿಮೆ ನೀರಿನಲ್ಲಿ ಓಡದಿದ್ದರೆ ಘಾಟ್ ಬಂದ್ ಎಂದು ಮೊದಲೇ ತಿಳಿಸಿದ್ದರು.

ನಾನು ಬೆಳಿಗ್ಗೆ ಘಾಟಿಗೆ ಇಳಿದಾಗ ಊರ ಜನವೆಲ್ಲ ದಡದಲ್ಲಿದ್ದರು. ನದಿ ತುಂಬಿ ಹರಿಯುತ್ತಿತ್ತು. ನಾಸಿಕ್ ಕಡೆಯ ಅಣೆಕಟ್ಟುಗಳಿಂದ ಕೆಳಗಿನವರಿಗೆ ಕುಡಿಯುವ ನೀರು ಬಿಟ್ಟಿದ್ದರು. ಇದಕ್ಕಾಗಿ ಎಷ್ಟೋ ದಿನ ಜಗಳ ನಡೆದಿತ್ತು ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಅಲ್ಲಿನ ಸಂತೋಷ ಅರ್ಥವಾಗುವುದಿಲ್ಲ.

"ಇವರೇ ನಾಸಿಕ್‌ದವರು," ಎಂದು ಯಾರೋ ಹೇಳಿದರು. ಪಂಚಾಯಿತಿಯ ಮುಖ್ಯಸ್ಥ, ಅಲ್ಲಿಯವರ ಮಾತಿನಲ್ಲಿ ಸರಪಂಚ, ಬಂದು ನನಗೆ ಹಾರ ಹಾಕಿದ.

"ನಾನು ನೀರು ಬಿಟ್ಟಿಲ್ಲ," ಎಂದೆ.

"ದೊಡ್ಡವರು ಹಂಗೇ ಅಂತಾರ," ಎಂದ ಸರಪಂಚ.

ಇಡೀ ದಡದಲ್ಲಿ ದುಃಖದಲ್ಲಿದ್ದವರು ಇಬ್ಬರೇ, ನಾನು ಮತ್ತು ಅಂಬಿಗ. ಅಧಿಕಾರಿ ಬಂದರು, ಸಫಾರಿ ಸೂಟು, ಕೈಯಲ್ಲಿ ಒಂದು ಅಳತೆಯ ಕೋಲು. ನದಿ ನೋಡಿದರು.

"ಕಡಿಮೆ ನೀರು ಎಲ್ಲದ?"

"ಅಲ್ಲಿ ಮಧ್ಯದಾಗ ಮರಳುದಿಬ್ಬ ಅದ ಸಾಹೇಬ್," ಎಂದ ಅಂಬಿಗ. "ಬರ್ರಿ, ತೋರಿಸ್ತೀನಿ."

ಮೂವರೂ ದೋಣಿಯಲ್ಲಿ ಹೊರಟೆವು. ನಡುನೀರಿನಲ್ಲಿ ಅಂಬಿಗ ಎಂಜಿನ್ ನಿಲ್ಲಿಸಿದ. "ಇದೇ ಜಾಗ. ಮೊಣಕಾಲುದ್ದ, ನೋಡ್ರಿ," ಎಂದು ದೋಣಿಯಿಂದ ಕೆಳಗೆ ಕಾಲಿಟ್ಟು ಪೂರ್ತಿ ಮಾಯವಾದ. ಮೊದಲು ಟೋಪಿ ಬಂತು. ಆಮೇಲೆ ಅವನು ಬಂದ.

"ನಿನ್ನೆ ಇತ್ತು ಸಾಹೇಬ್," ಎಂದ.

ಅಧಿಕಾರಿ ಕೋಲನ್ನು ಮಡಿಲಲ್ಲಿಟ್ಟುಕೊಂಡರು. "ದೋಣಿ ಛಲೋ ಅದ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಕಡಿಮೆ ನೀರಿಲ್ಲದ ಕಡಿಮೆ ನೀರಿನ ದೋಣಿ ಪಾಸ್ ಮಾಡಲಿಕ್ಕ ಬರಂಗಿಲ್ಲ. ದಂಡಿಗೆ ತಿರುಗಿಸ್ರಿ."

ಅಂಬಿಗ ಒದ್ದೆ ಬಟ್ಟೆಯಲ್ಲೇ ಎಂಜಿನ್ ಶುರು ಮಾಡಿದ. ಅವನ ಮುಖ ನೋಡಲಾಗದೆ ನಾನು ಅಧಿಕಾರಿಗೆ ವಿವರಿಸತೊಡಗಿದೆ. ಗುಣಿ ಹೇಗೆ ನೀರೆತ್ತುತ್ತದೆ, ನಾಲ್ಕು ರೆಕ್ಕೆ ಯಾಕೆ, ಹಿಂದೆ ಭಾರ ಯಾಕೆ ಆಗಬಾರದು, ಎಲ್ಲ. ಅವರು, "ತಿಳೀತು, ಆದ್ರ ಸಾಬೀತಾಗಿಲ್ಲ," ಎನ್ನುತ್ತಿದ್ದರು. ನಾನು ಮತ್ತೆ ಮೊದಲಿನಿಂದ ಹೇಳುತ್ತಿದ್ದೆ. ಹೀಗೆ ವಾದ ನಡೆದಿರುವಾಗ ನಮ್ಮ ಪಕ್ಕದಲ್ಲೇ ಜೋರಾಗಿ ಹಾರ್ನ್ ಕೇಳಿಸಿತು.

ಮೂವರೂ ತಲೆ ಎತ್ತಿದೆವು. ದೋಣಿಯ ಪಕ್ಕದಲ್ಲಿ ಒಂದು ಸರ್ಕಾರಿ ಎಸ್‌ಟಿ ಬಸ್ ನಿಂತಿತ್ತು.

ಆಗಿದ್ದು ಇಷ್ಟು. ನದಿಯ ನೀರು ಘಾಟಿನ ಪಕ್ಕದ ಹಳ್ಳಕ್ಕೆ ನುಗ್ಗಿ ತಗ್ಗಿನ ರಸ್ತೆಯನ್ನು ಮುಳುಗಿಸಿತ್ತು, ಬಸ್ಸು ಅದರಲ್ಲಿ ಬಂದು ಕೆಟ್ಟು ನಿಂತಿತ್ತು. ಘಾಟಿನ ಕಟ್ಟೆ ನೀರಿನಡಿ ಹೋದದ್ದರಿಂದ ಅಂಬಿಗ ದಡ ಹುಡುಕುತ್ತ ಹುಡುಕುತ್ತ ರಸ್ತೆಗೇ ಬಂದುಬಿಟ್ಟಿದ್ದ. ಪಂಖಾ ಇನ್ನೂ ತಿರುಗುತ್ತಿತ್ತು, ದೋಣಿ ಇನ್ನೂ ಸರಾಗವಾಗಿ ಸಾಗುತ್ತಿತ್ತು. ಬಸ್ಸಿನ ಗಾಲಿಯ ನಟ್ಟುಗಳೆಲ್ಲ ನೀರಿನ ಮೇಲೆ ಕಾಣುತ್ತಿದ್ದವು.

ಅಧಿಕಾರಿ ಗಾಲಿ ನೋಡಿದರು. ಕೋಲನ್ನು ನೀರಿಗಿಳಿಸಿದರು. ಟಕ್ ಎಂದು ಡಾಂಬರಿಗೆ ತಾಗಿತು. ಕೋಲಿನ ಗುರುತು ನೋಡಿದರು, ಮೊಣಕಾಲೂ ಇರಲಿಲ್ಲ. ಅಂಬಿಗ ದೋಣಿಯನ್ನು ಬಸ್ಸಿನ ಬಾಗಿಲ ಪಕ್ಕಕ್ಕೆ ತಂದು ನಿಲ್ಲಿಸಿದ.

"ಪಾಸ್," ಎಂದರು ಅಧಿಕಾರಿ, ಬಹಳ ಗೊಂದಲದಿಂದ. "ಆದ್ರ ಜಾಗದ ಹೆಸರು ಏನಂತ ಬರೀಲಿ? ನದಿನೋ, ರಸ್ತೆನೋ?"

ಬಸ್ಸಿನ ಬಾಗಿಲಲ್ಲಿ ಗಂಟು ಹಿಡಿದು ನಿಂತಿದ್ದ ಒಬ್ಬ ಮುದುಕಿ ಅಷ್ಟರಲ್ಲಿ ದೋಣಿಗೆ ಕಾಲಿಟ್ಟು, ಸಫಾರಿ ಸೂಟಿನ ಅಧಿಕಾರಿಯ ಮಡಿಲಿಗೆ ಗಂಟು ಇಟ್ಟಳು.

"ಕಂಡಕ್ಟರ್, ಆ ಬಸ್ಸಿನ ಟಿಕೆಟ್ ಇದಕ್ಕ ನಡೀತದಲ್ಲ?"

ಅಧಿಕಾರಿ ಒಮ್ಮೆ ಬಸ್ಸು ನೋಡಿದರು, ಒಮ್ಮೆ ದೋಣಿ ನೋಡಿದರು. ಆಮೇಲೆ ಅವಳ ಟಿಕೆಟ್ ತೆಗೆದುಕೊಂಡು, ತುದಿ ಸ್ವಲ್ಪ ಹರಿದು, ವಾಪಸ್ ಕೊಟ್ಟರು.

"ಮುಂದ ಹೋಗಿ ಕೂಡ್ರಿ ಆಜೀ," ಎಂದರು. "ಹಿಂದ ಭಾರ ಆಗ್ತದ."