ನಮ್ಮತ್ತೆಯ ಲೈಫ್ ಜಾಕೆಟ್ ಪಾಠ

ನಮ್ಮ ಸೋದರತ್ತೆಯನ್ನು ಕಂಡರೆ ಗೊರೂರು ಹಿನ್ನೀರಿನ ಮೀನುಗಳಿಗೂ ಭಯ ಎಂದರೆ ನೀವು ನಂಬಲಿಕ್ಕಿಲ್ಲ. ಬಲೆಗೆ ಬಿದ್ದರೆ ಸಾಯುವುದೊಂದೇ ಕಷ್ಟ. ಅತ್ತೆಯ ಕೈಗೆ ಸಿಕ್ಕರೆ ಮೊದಲು ಉಪದೇಶ, ಆಮೇಲೆ ಇಂಜೆಕ್ಷನ್ನು!

ಹೊಳೆನರಸೀಪುರದಲ್ಲಿ ನರ್ಸಾಗಿದ್ದು ನಿವೃತ್ತರಾದ ಅತ್ತೆ, ಹಿನ್ನೀರಿನ ಮೀನುಗಾರರಿಗೆ ಪಾಠ ಹೇಳಲು ಹೊರಟರು. ಯಾರು ಕರೆದರು? ಯಾರೂ ಇಲ್ಲ! ಕರೆಯದೆ ಹೋಗುವುದೇ ಅವರ ಅಭ್ಯಾಸ. ಹಾಸನದಲ್ಲಿ ಒಂದು ಲೈಫ್ ಜಾಕೆಟ್ ಕೊಂಡರು. ಚೀಲದಲ್ಲಿ ಹಿಡಿಸಲಿಲ್ಲವೆಂದು ಸೀರೆಯ ಮೇಲೇ ತೊಟ್ಟುಕೊಂಡು ಬಸ್ಸು ಹತ್ತಿದರು. ಪಕ್ಕದಲ್ಲಿದ್ದ ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ.

“ಯಾಕಮ್ಮಾ, ನಮ್ ಬಸ್ಸು ಮುಳುಗೋಯ್ತದೆ ಅಂತಾನಾ?” ಎಂದ ಕಂಡಕ್ಟರ್.

“ನಿಮ್ ಡ್ರೈವರ್ ಓಡ್ಸೋದ್ ನೋಡುದ್ರೆ ಅಂಗೇ ಅನ್ಸುತ್ತೆ ಕಣಪ್ಪ!”

ದಡದ ಹೊಂಗೆಮರದ ಕೆಳಗೆ ಪಾಠ ಶುರುವಾಯಿತು. ಒದ್ದೆ ಕಾಲು ಒರೆಸಿಕೊಳ್ಳಿ, ಮೀನಿನ ಮುಳ್ಳು ಚುಚ್ಚಿದರೆ ಆಸ್ಪತ್ರೆಗೆ ಬನ್ನಿ, ಗಾಳಿ ಎದ್ದರೆ ನೀರಿಗಿಳಿಯಬೇಡಿ. ಇಲ್ಲಿಯವರೆಗೆ ಎಲ್ಲರೂ ತಲೆಯಾಡಿಸಿದರು. “ಕುಡಿದು ತೆಪ್ಪ ಹತ್ತಬೇಡಿ” ಎನ್ನುವಷ್ಟರಲ್ಲಿ ಹಿಂದಿನ ಸಾಲು ಖಾಲಿ!

ಮುಳುಗಿದವನ ಎದೆ ಒತ್ತುವುದನ್ನು ತೋರಿಸಲು ನಿಂಗಣ್ಣನೆಂಬ ಮೀನುಗಾರನನ್ನು ಮಲಗಿಸಿದರು. ಅತ್ತೆ ಕೈಯಿಟ್ಟರೋ ಇಲ್ಲವೋ, ಕಚಗುಳಿಯಾಗಿ ಅವನು ಕಿಸಕ್ಕೆಂದ.

“ಸತ್ತಿರೋನು ನಗಬಾರ್ದು! ಸುಮ್ನೆ ಮಲೀಕೊಳ್ಳೋ!”

ಕೊನೆಗೆ ಜಾಕೆಟ್ಟನ್ನು ಅವನಿಗೇ ಕೊಡಹೋದರು. ನಿಂಗಣ್ಣ ಹಿಂದೆ ಸರಿದ. “ನಾನು ಈ ನೀರಲ್ಲೇ ಬೆಳ್ದೋನು ನರ್ಸಮ್ಮ. ಇದ ಆಕ್ಕಂಡ್ರೆ ಮೀನು ನಗ್ತವೆ!”

ಪಕ್ಕದಲ್ಲಿ ಬಲೆ ಬಿಡಿಸುತ್ತಿದ್ದ ಅವನ ಹೆಂಡತಿ ಸೆರಗು ಸಿಕ್ಕಿಸಿ ಎದ್ದಳು. “ಮೀನು ನಕ್ರೆ ನಗ್ಲಿ, ನಾನು ಅಳೋದು ಬ್ಯಾಡ! ಆಕ್ಕೋ ಮೊದ್ಲು!”

ಇಬ್ಬರು ಹೆಂಗಸರ ಬಾಯಿಗಿಂತ ಜಾಕೆಟ್ಟೇ ವಾಸಿ ಎಂದು ಅವನು ತೊಟ್ಟುಕೊಂಡ.

ಬೇಸಿಗೆ ಕಳೆಯುವ ಹೊತ್ತಿಗೆ ಒಂದು ಮಧ್ಯಾಹ್ನ ಬಿರುಗಾಳಿಗೆ ನಿಂಗಣ್ಣನ ತೆಪ್ಪ ಮಗುಚಿಕೊಂಡಿತು. ಕಾಲಿಗೆ ಬಲೆ ಸುತ್ತಿಕೊಂಡು, ಈಜು ಬಲ್ಲವನಿಗೂ ಈಜಲಾಗಲಿಲ್ಲ. ಜಾಕೆಟ್ಟು ಮಾತ್ರ ಅವನನ್ನು ಮುಳುಗಗೊಡಲಿಲ್ಲ. ಜೊತೆಯವರು ದಡಕ್ಕೆಳೆದು ಆಸ್ಪತ್ರೆಗೆ ಸೇರಿಸಿದರು.

ಸುದ್ದಿ ತಿಳಿದು ಅತ್ತೆಯ ಹಿಂದೆ ನಾನೂ ಓಡಿದೆ. ಶಹಬ್ಬಾಸ್ ಎನ್ನುತ್ತಾರೆಂದುಕೊಂಡಿರಾ? “ಗಾಳಿ ಎದ್ರೆ ಇಳೀಬೇಡ ಅಂತ ಬಡ್ಕೊಂಡಿರ್ಲಿಲ್ವೇನೋ? ಕಿವಿ ಏನು ಅಡ ಇಟ್ಟಿದ್ಯಾ?” ವಾರ್ಡಿನ ರೋಗಿಗಳೆಲ್ಲ ಎದ್ದು ಕೂತರು. ಜ್ವರದವರೂ ಬೆವರಿದರು!

“ತಪ್ಪಾಯ್ತು ನರ್ಸಮ್ಮ.”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ನೆನಪಿರುವಂತೆ ಅತ್ತೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ನಿಂಗೇನಾದ್ರೂ ಆಗೋಗಿದ್ರೆ ನಾನು ಇನ್ಯಾರಿಗೆ ಬಯ್ಯಲೋ?”

ನಿಂಗಣ್ಣ ಮೆಲ್ಲಗೆ ಮಂಚದ ಅಂಚಿಗೆ ಸರಿದು ಜಾಗ ಮಾಡಿದ.

“ನಾಳೀಕೂ ಬಯ್ಯೀಯಂತೆ. ಈಗ ಒಸಿ ಕುಂತ್ಕೊ, ಅವ್ವಾ.”