ಭಾವನವರ ಸಿಂಹ, ನನ್ನ ಬೇಲಿ

ನಮ್ಮ ಭಾವನವರಿಗೆ ಸಿಂಹಗಳ ವಿಷಯ ಗೊತ್ತಿರುವಷ್ಟು ಸಿಂಹಗಳಿಗೇ ಗೊತ್ತಿರಲಾರದು. ಹಾಗಂತ ಕಾಡುಮೇಡು ಅಲೆದವರೇನಲ್ಲ. ಇಲ್ಲಿನ ಯೂನಿವರ್ಸಿಟಿಯ ಒಂದು ಕೋಣೆಯಲ್ಲಿ ಕುಳಿತು, ಆಫ್ರಿಕಾದ ಬಯಲಿನ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಎಲ್ಲಿ ಹುಲ್ಲು ಎತ್ತರ, ಎಲ್ಲಿ ಪೊದೆ, ಎಲ್ಲಿ ಸಿಂಹ ಹೊಂಚು ಹಾಕೀತು ಎಂದು ಲೆಕ್ಕ ಹಾಕುವುದೇ ಅವರ ಸಂಶೋಧನೆ. ಕಣ್ಣಾರೆ ಕಂಡ ಸಿಂಹ ಒಂದೇ, ಅದೂ ಮೃಗಾಲಯದಲ್ಲಿ ಗೊರಕೆ ಹೊಡೆಯುತ್ತಿತ್ತು!

ಈ ಮಹಾನುಭಾವರ ವಾಸ ಈ ಪರದೇಶದ ಬಾಥೆಲ್ ಎಂಬ ಊರಿನ ನಮ್ಮ ಮನೆಯಲ್ಲಿ. ಗಂಡನ ಅಣ್ಣನನ್ನು ಎದುರಿಗೆ ಬೈಯಲಾದೀತೇ? ಅವರ ಪಾಲಿನ ಬೈಗುಳವನ್ನೂ ಗಂಡನೇ ತಿನ್ನುತ್ತಿದ್ದ. ಮಿಕ್ಕದ್ದು ಪಾತ್ರೆಗಳಿಗೆ.

ಒಮ್ಮೆ ಗೆಳತಿಯ ಮನೆ ಊಟದಲ್ಲಿ ಎಲ್ಲರೂ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರೆ, ಇವರು ಅಡುಗೆಮನೆ ಬಾಗಿಲ ಬಳಿ ಹೂಕುಂಡದ ಹಿಂದೆ ನಿಂತಿದ್ದರು. "ಸಿಂಹ ಬೇಟೆ ಜಾಸ್ತಿ ಇರೋ ಕಡೆ ಹೋಗಲ್ಲಮ್ಮ, ಸುಲಭವಾಗಿ ಸಿಗೋ ಕಡೆ ಕಾಯುತ್ತೆ," ಎಂದರು. ಬಿಸಿ ಬೋಂಡಾ ಅದೇ ಬಾಗಿಲಿನಿಂದ ಬಂತು. ನಾನು ಮುಖ ಎಲ್ಲಿಟ್ಟುಕೊಳ್ಳಲಿ?

ಆ ಚಳಿಗಾಲ ನನ್ನ ಮಗಳಿಗೆ ಹೆದರಿಕೆ ಹತ್ತಿತು. ಇಲ್ಲಿ ಡಿಸೆಂಬರಿನಲ್ಲಿ ನಾಲ್ಕೂವರೆಗೇ ಕತ್ತಲು. ಶಾಲೆಯ ಬಸ್ಸಿಳಿದು ಬರುವಾಗ ನಮ್ಮ ಮನೆಮುಂದಿನ ಗಿಡದ ಬೇಲಿಯೊಳಗಿಂದ ರಕೂನ್ ಒಂದು ಅವಳ ಕಾಲಿಗೇ ನುಗ್ಗಿತ್ತು. ಮುಖಕ್ಕೆ ಮಸಿ ಬಳಿದುಕೊಂಡ ಗಡವ ಬೆಕ್ಕಿನಂಥ ಪ್ರಾಣಿ ಅದು. ಅಂದಿನಿಂದ ಅವಳು ಒಬ್ಬಳೇ ಬರಲೊಲ್ಲಳು. ನಾನು ದಿನವೂ ಮೀಟಿಂಗ್ ಅರ್ಧಕ್ಕೆ ಬಿಟ್ಟು ಓಡಿಬರಬೇಕು. ಮ್ಯಾನೇಜರ್ ಆಗಲೇ ಗೊಣಗುತ್ತಿದ್ದ, ಕೆಲಸ ಉಳಿಯುವುದೇ ಅನುಮಾನವಾಗಿತ್ತು.

"ಅವಳಿಗೆ ಸ್ವಲ್ಪ ಧೈರ್ಯ ಹೇಳಿ ಭಾವ," ಎಂದೆ.

"ಅವಳು ಹೆದರೋದು ಸರಿಯಾಗೇ ಇದೆ. ಜಿಂಕೆನೂ ಪೊದೆ ಹತ್ರ ಹೆದರುತ್ತೆ," ಎಂದರು ಭಾವನವರು.

ಮೈಯೆಲ್ಲ ಉರಿಯಿತು. ಆ ಶನಿವಾರ ಮಗಳನ್ನು ಅವರ ಬಳಿ ಬಿಟ್ಟು ನಾವಿಬ್ಬರೂ ದೇವಸ್ಥಾನಕ್ಕೆ ಹೋಗಿ ಬಂದು ನೋಡಿದರೆ, ಆಳೆತ್ತರದ ನನ್ನ ಬೇಲಿಯನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ ಹಾಕಿದ್ದಾರೆ! ಮನೆ ಕೊಂಡ ವರ್ಷ ನೆಟ್ಟು ಬೆಳೆಸಿದ್ದೆ. ಬೇಸಿಗೆಯಲ್ಲಿ ಅದರ ಮರೆಯಲ್ಲೇ ನೈಟಿಯಲ್ಲಿ ನಿಂತು ಸಂಡಿಗೆ ಹಾಕುತ್ತಿದ್ದೆ. ಇನ್ನು ಇಡೀ ಬೀದಿಗೆ ದರ್ಶನ!

ಮರ್ಯಾದೆಯನ್ನು ಗಂಟು ಕಟ್ಟಿಟ್ಟು ಎದುರಿಗೇ ಹೇಳಿದೆ. "ನಿಮ್ಮ ಸಿಂಹ ನಿಮ್ಮ ಕಂಪ್ಯೂಟರಲ್ಲಿರ್ಲಿ ಭಾವ. ನನ್ನ ಮನೆ ಕಾಡಲ್ಲ. ನೀವು ಬೇರೆ ಮನೆ ನೋಡ್ಕೊಳ್ಳಿ."

"ಆಯ್ತಮ್ಮ," ಎಂದು ಕತ್ತರಿ ಒರೆಸಿಟ್ಟರು. ಗಂಡ ಗರಾಜಿನ ಕಡೆ ಜಾರಿಕೊಂಡ.

ಸೋಮವಾರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆ. ಜೀವ ಕೈಯಲ್ಲಿ ಹಿಡಿದು ಮನೆಗೆ ಬಂದರೆ ಮಗಳು ಆರಾಮವಾಗಿ ಕುಳಿತು ದೋಸೆ ತಿನ್ನುತ್ತಿದ್ದಾಳೆ.

"ಒಬ್ಳೇ ಬಂದ್ಯಾ? ಹೆದರಿಕೆ ಆಗ್ಲಿಲ್ವಾ?"

"ನೋ ಅಮ್ಮ. ದೊಡ್ಡಪ್ಪ ಚೆಕ್ ಮಾಡಿದ್ರು."

ಶನಿವಾರ ಅವಳನ್ನು ಬಸ್ಸಿಳಿಯುವ ಜಾಗದಲ್ಲಿ ನಿಲ್ಲಿಸಿ, ಭಾವನವರು ಬೇಲಿಯುದ್ದಕ್ಕೂ ಅಂಬೆಗಾಲಿಟ್ಟು ಅಡಗಿ ಕುಳಿತರಂತೆ. ತಾವು ಅವಳಿಗೆ ಕಾಣದ ಕಡೆಯೆಲ್ಲ ಎದ್ದು ಮತ್ತಷ್ಟು ಕತ್ತರಿಸಿ, ಮತ್ತೆ ಅಡಗಿದರಂತೆ. ಎಲ್ಲಿ ಕುಳಿತರೂ ಕಂಡೆ ಎಂದು ಅವಳು ನಗುವವರೆಗೂ ಬಿಡಲಿಲ್ಲವಂತೆ. ಇದನ್ನು ನನಗೆ ಹೇಳಲು ಇವರಿಗೇನು ಧಾಡಿ?

ಕೇಳಿಯೇಬಿಡುತ್ತೇನೆಂದು ಮಹಡಿ ಹತ್ತಿದೆ. ಭಾವನವರು ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು, ಇನ್ನೊಂದರಲ್ಲಿ ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದರು.

"ಪಕ್ಕದೂರು ಶೋರ್‌ಲೈನ್‌ನಲ್ಲಿ ಒಂದು ರೂಮ್ ಸಿಕ್ಕಿದೆಯಮ್ಮ," ಎಂದರು.

ನನಗೆ ಅಳು ಬಂತು. ಅಳು ಬಂದದ್ದಕ್ಕೂ ಸಿಟ್ಟು ಬಂತು.

"ಈ ಸೊಂಟ ಇಟ್ಕೊಂಡು ಎಲ್ಲಿಗೂ ಹೋಗೋದ್ ಬೇಡ. ಕೂತ್ಕೊಳ್ಳಿ, ಎಣ್ಣೆ ಬಿಸಿ ಮಾಡಿ ನಿಮ್ಮ ತಮ್ಮನ ಕೈಲಿ ಕಳಿಸ್ತೀನಿ," ಎಂದು ಗದರಿಸಿ, ಸೂಟ್‌ಕೇಸಿನಿಂದ ಅವರ ಅಂಗಿಗಳನ್ನೆಲ್ಲ ತೆಗೆದು ಮತ್ತೆ ಬೀರುವಿನಲ್ಲಿಟ್ಟೆ.