ದೇವರ ಪೆಟ್ಟಿಗೆಯೂ ಹಬ್ಬದ ಗುಳಿಗೆಯೂ

ನಾಚಿಕೆಗೂ ಕಾಲ, ವೇಳೆ ಇರುತ್ತದೆ ಎಂದು ನನಗೆ ತಿಳಿದದ್ದು ಮದುವೆಯಾಗಿ ತಾಳ್ಯದ ಹತ್ತಿರದ ಅತ್ತೆಯ ಮನೆಗೆ ಬಂದ ಮೇಲೆ. ವರ್ಷವಿಡೀ ಈ ಮನೆಯ ಗಂಡಸರ ಕಿವಿಗೆ ‘ಮುಟ್ಟು’ ಎಂಬ ಮಾತು ಬೀಳಕೂಡದು. ಬಿದ್ದರೆ ಕುರಿ ನೋಡಿ ಬರುತ್ತೇವೆಂದು ಎದ್ದು ಹೋಗುತ್ತಾರೆ. ಟೀವಿಯಲ್ಲಿ ಪ್ಯಾಡಿನ ಜಾಹೀರಾತು ಬಂದಾಗ ನನ್ನ ಯಜಮಾನರು ರಿಮೋಟಿಗೆ ತಡಕಾಡುವ ಪರಿಯನ್ನು ನೀವು ನೋಡಬೇಕು. ಮನೆಗೆ ಕಳ್ಳ ನುಗ್ಗಿದರೂ ಅಷ್ಟು ಚುರುಕಾಗಿ ಏಳುವವರಲ್ಲ ಅವರು. ಆದರೆ ಮನೆದೇವರು ಬರುವ ದಿನ ಗೊತ್ತಾಯಿತೋ, ಇದೇ ಗಂಡಸರು ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಂಡು, ಯಾವ ಸೊಸೆಯದು ಯಾವ ವಾರ, ಯಾರದು ಹಿಂದೆ, ಯಾರದು ಮುಂದೆ ಎಂದು ಶ್ರೀರಾಂಪುರದ ಬಸ್ಸಿನ ವೇಳೆ ವಿಚಾರಿಸಿದಷ್ಟು ಸಲೀಸಾಗಿ ಚರ್ಚಿಸುತ್ತಾರೆ. ಆಗ ಯಾರಿಗೂ ನಾಚಿಕೆಯಿಲ್ಲ. ನಾಚಿಕೊಳ್ಳಬೇಕಾದವಳು ಒಳಗೆ ರೊಟ್ಟಿ ತಟ್ಟುತ್ತಿರುವ ನಾನೊಬ್ಬಳೇ.

ನಮ್ಮ ದೇವರು ಪೆಟ್ಟಿಗೆ ದೇವರು. ವರ್ಷಕ್ಕೊಮ್ಮೆ ಪೆಟ್ಟಿಗೆಯಲ್ಲಿ ಕುಳಿತು, ಕಂಬಳಿ ಹೊದ್ದು, ದಾಯಾದಿಗಳ ಒಂದೊಂದೇ ಮನೆಗೆ ಬಂದು ಎಡೆ ತೆಗೆದುಕೊಂಡು ಹೋಗುತ್ತಾನೆ. ಅವನು ಬಂದ ದಿನ ಮನೆಯ ಹೆಂಗಸರು ಯಾರೂ ‘ಹೊರಗೆ’ ಆಗಿರಬಾರದು. ಆಗಿಬಿಟ್ಟರೆ ಹಿತ್ತಲ ಚಪ್ಪರದಲ್ಲಿ ಚಾಪೆ ಹಾಸಿಕೊಂಡು ಕೂರಬೇಕು. ಹಿಂದೆಲ್ಲ ಆದವರು ಕೂರುತ್ತಿದ್ದರು, ಆಗದವರು ದುಡಿಯುತ್ತಿದ್ದರು, ದೇವರೂ ಹೊಂದಿಕೊಂಡಿದ್ದ. ಆಮೇಲೆ ಬಂತು ವಿಜ್ಞಾನ. ಮುಟ್ಟನ್ನು ಮುಂದಕ್ಕೆ ತಳ್ಳುವ ಗುಳಿಗೆ! ನಾನು ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಗ್ರಹಣದ ದಿನ ಊಟ ಮಾಡಬಹುದೆಂದು ನಮ್ಮತ್ತೆಗೆ ಒಪ್ಪಿಸಲು ನನ್ನಿಂದ ಇಂದಿಗೂ ಆಗಿಲ್ಲ. ಆದರೆ ಈ ಒಂದು ಗುಳಿಗೆಯ ಮಟ್ಟಿಗೆ ಅವರು ನನಗಿಂತ ದೊಡ್ಡ ವಿಜ್ಞಾನಿ.

ಗುಳಿಗೆ ತರುವವನು ಮೈದುನ ತಿಪ್ಪೇಶ. ಅವನ ಹೆಂಡತಿ ಶಾರದಾ ಪ್ಯಾಡು ತಂದುಕೊಡಿ ಎಂದರೆ ಮುಖ ಕೆಂಪಗೆ ಮಾಡಿಕೊಂಡು, ‘ನೀನೇ ಹೋಗಿ ತಗಂಬಾ’ ಎನ್ನುವ ಮಹಾನುಭಾವ. ಅವಳು ಹೋದರೆ ಮೆಡಿಕಲ್ ಶಾಪಿನವನು ಅದನ್ನು ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ತುರುಕಿ, ಕದ್ದ ಮಾಲಿನ ಹಾಗೆ ದಾಟಿಸುತ್ತಾನೆ. ಅದೇ ಹಬ್ಬದ ಗುಳಿಗೆಗೆ ಕವರೂ ಇಲ್ಲ, ಡಾಕ್ಟರ ಚೀಟಿಯೂ ಇಲ್ಲ. ‘ಮನೆದೇವ್ರಾ? ಎಷ್ಟು ಜನಕ್ಕೆ ಕೊಡ್ಲಿ?’ ಎಂದು ಕೇಳುತ್ತಾನಂತೆ, ಬಾಳೆಎಲೆ ಮಾರುವವನು ಕೇಳಿದ ಹಾಗೆ.

ಈ ಸಲ ಅತ್ತೆ ಗುಳಿಗೆ ಹಂಚುತ್ತಾ ಬಂದು ನನ್ನ ಮಗಳು ಚೈತ್ರಾಳ ಅಂಗೈಗೂ ಒಂದು ಹಾಳೆ ಇಟ್ಟರು. ಪಿಯುಸಿ ಓದುವ ಹುಡುಗಿ. ತಿಂಗಳ ಲೆಕ್ಕ ಅವಳಿಗೆ ಸರಿಯಿಲ್ಲ, ಬಂದರೆ ನಿಲ್ಲುವುದಿಲ್ಲ. ಹೋದ ತಿಂಗಳು ಬಸ್‌ಸ್ಟ್ಯಾಂಡಿನಲ್ಲೇ ತಲೆ ಸುತ್ತಿ ಬಿದ್ದಳು. ಚಿತ್ರದುರ್ಗದ ಡಾಕ್ಟರಮ್ಮ ರಕ್ತ ಕಡಿಮೆಯಿದೆ ಎಂದು ಮದ್ದು ಕೊಟ್ಟು, ಸ್ಕ್ಯಾನಿಂಗ್ ಬರೆದು, ‘ನನ್ನ ಕೇಳದೆ ಯಾವ ಹಾರ್ಮೋನ್ ಮಾತ್ರೆಯನ್ನೂ ಕೊಡಬೇಡಿ’ ಎಂದು ಬೆರಳು ತೋರಿಸಿ ಹೇಳಿ ಕಳಿಸಿದ್ದರು. ನಾನು ಆ ಹಾಳೆಯನ್ನು ಕಿತ್ತುಕೊಂಡೆ.

‘ಅತ್ತೆ, ಇವಳಿಗೆ ಇದು ಆಗಲ್ಲ. ಡಾಕ್ಟ್ರು ಬ್ಯಾಡ ಅಂದವ್ರೆ.’

‘ಅವಳ್ದು ಯಾವಾಗ್ಲೋ ಏನೋ, ಗೊತ್ತುಗುರಿ ಐತಾ? ಪೆಟ್ಟಿಗೆ ಮನಿಗೆ ಬಂದಾಗ ಕನ್ಯೆ ಆರತಿ ಹಿಡೀಬೇಕು. ಬ್ಯಾರೆ ಹುಡುಗಿ ಎಲ್ಲವ್ಳೆ ನಮ್ಮನೇಲಿ? ದೇವ್ರಿಗೆ ಮೈಲಿಗೆ ಆದ್ರೆ ಹೊಣೆ ಯಾರಮ್ಮ?’

‘ನನ್ನ ಮಗಳಿಗೇನಾದ್ರೂ ಆದ್ರೆ ಹೊಣೆ ಯಾರತ್ತೆ?’

ಮದುವೆಯಾಗಿ ಇಷ್ಟು ವರ್ಷಕ್ಕೆ ಅತ್ತೆಯ ಮುಂದೆ ನನ್ನ ದನಿ ಅಷ್ಟು ಎತ್ತರಕ್ಕೆ ಏರಿದ್ದು ಅದೇ ಮೊದಲು. ಯಜಮಾನರು ಕುರಿ ನೋಡಲು ಹೋಗುವವರಿದ್ದರು. ನಾನು ಬಾಗಿಲಿಗೆ ಅಡ್ಡ ನಿಂತಿದ್ದರಿಂದ ಆಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, ‘ನುಂಗಿದಂಗೆ ಮಾಡ್ಸಿ ಬಿಡೇ, ಯಾಕೆ ಸುಮ್ನೆ ಜಗಳ’ ಎಂದರು. ನನ್ನ ಮೈ ಉರಿದುಹೋಯಿತು. ದೇವರ ಕಣ್ಣಿಗೆ ಮಣ್ಣೆರಚಬಹುದು, ಅವ್ವನಿಗೆ ಮಾತ್ರ ಎದುರಾಡಬಾರದು! ಕೊನೆಗೆ ಚೈತ್ರಾಳೇ, ‘ಅಜ್ಜಿ, ನಂಗೆ ಬ್ಯಾಡ. ಆರತಿ ಹೊತ್ತಿಗೆ ಆದ್ರೆ ಚಪ್ಪರದಾಗೆ ಕುಂತ್ಕಂತೀನಿ’ ಎಂದಳು. ಅತ್ತೆ ನನ್ನ ಜೊತೆ ಮಾತು ಬಿಟ್ಟರು. ನಾನೂ ನುಂಗಲಿಲ್ಲ. ಶಾರದಾ ಮತ್ತು ಹಬ್ಬಕ್ಕೆಂದು ಬಂದಿದ್ದ ಇಬ್ಬರು ನಾದಿನಿಯರು ನುಂಗಿದರು. ಒಬ್ಬಳಿಗೆ ವಾಂತಿ, ಒಬ್ಬಳಿಗೆ ತಲೆನೋವು, ಶಾರದಾಳಿಗೆ ಎರಡೂ.

ಸೋಮವಾರ ಹಬ್ಬ. ಭಾನುವಾರ ಹಿರೇಗುಂಟನೂರಿನಿಂದ ಫೋನು ಬಂತು: ದಾಯಾದಿಗಳಲ್ಲಿ ಹಿರಿಯಜ್ಜ ಒಬ್ಬರು ತೀರಿಕೊಂಡಿದ್ದರು. ಗಂಡಸರು ಜಗಲಿಯ ಮೇಲೆ ಸೇರಿ, ದೂರದ ಸೂತಕ, ಮೂರು ದಿನ ಸಾಕು, ಗುರುವಾರಕ್ಕಿಡೋಣ ಎಂದು ತೀರ್ಮಾನಿಸಿದರು. ಒಳಗಿದ್ದವರಿಗೆ ತಿಳಿದದ್ದು ಹಬ್ಬ ಮುಂದಕ್ಕೆ ಹೋಯಿತು ಎಂದಷ್ಟೇ. ಎಂದಿಗೆ ಎಂದು ಗಂಡಸರು ಹೇಳಲಿಲ್ಲ, ಬದುಕಿದೆವಲ್ಲ ಎಂಬ ಖುಷಿಯಲ್ಲಿ ಹೆಂಗಸರು ಕೇಳಲಿಲ್ಲ. ಮೂವರೂ ಉಳಿದ ಗುಳಿಗೆಗಳನ್ನು ಒಲೆಗೆ ಹಾಕಿದರು. ನಾನಂತೂ ಸೋಮವಾರ ಎಂದಿನಂತೆ ಶಾಲೆಗೆ ಹೊರಟುಹೋದೆ. ಆ ಗುಳಿಗೆ ಬಿಟ್ಟ ಎರಡು ಮೂರು ದಿನಕ್ಕೆ ಮುಟ್ಟಾಗುತ್ತದೆ ಎಂಬುದು ಅದನ್ನು ತಂದವನಿಗೂ ಗೊತ್ತಿಲ್ಲ, ಹಂಚಿದವರಿಗೂ ಗೊತ್ತಿಲ್ಲ, ಮಾರಿದವನು ಹೇಳುವ ಗೋಜಿಗೆ ಹೋಗಲಿಲ್ಲ.

ಗುರುವಾರ ಬೆಳಗಾಗುವ ಹೊತ್ತಿಗೆ ಮೂವರೂ ಚಪ್ಪರದಲ್ಲಿದ್ದರು. ಪೆಟ್ಟಿಗೆ ಆಗಲೇ ಹಿಂದಿನ ಮನೆಯಿಂದ ಹೊರಟಾಗಿತ್ತು, ಹೊರಟ ದೇವರು ಹಿಂದಿರುಗುವುದಿಲ್ಲ. ಅತ್ತೆ ತಲೆಯ ಮೇಲೆ ಕೈ ಹೊತ್ತು ಕುಳಿತರು. ತಿಪ್ಪೇಶ ಓಡಿ ಬಂದು, ‘ಅತ್ಗೆ, ಇನ್ನೊಂದು ಹಾಳೆ ತಂದ್ರೆ ನಿಲ್ಲಂಗಿಲ್ವಾ?’ ಎಂದ.

‘ತಗಂಬಾರಪ್ಪ, ಮೊದ್ಲು ನಿಂಗೇ ನುಂಗಿಸ್ತೀನಿ’ ಎಂದೆ. ಅವನು ಬಿಂದಿಗೆ ಎತ್ತಿಕೊಂಡು ನೀರು ಸೇದಲು ಹೋದ.

ಮನೆಯಲ್ಲಿ ಒಳಗೆ ಉಳಿದ ಹೆಂಗಸರೆಂದರೆ ಗುಳಿಗೆ ನುಂಗದ ನಾವಿಬ್ಬರು, ಮತ್ತು ಆ ಗೊಡವೆ ಮುಗಿದ ಅತ್ತೆ. ಪೆಟ್ಟಿಗೆ ಬಂದಾಗ ಚೈತ್ರಾ ಆರತಿ ಹಿಡಿದಳು. ಅತ್ತೆ ಅವಳನ್ನೂ ಚಪ್ಪರವನ್ನೂ ಒಂದೊಂದು ಸಲ ನೋಡಿ, ಇಷ್ಟು ದಿನದ ಮೇಲೆ ನನ್ನ ಜೊತೆ ಮಾತಾಡಿದರು: ‘ಆ ಡಾಕ್ಟ್ರಮ್ಮನತ್ರ ಶಾರದಾನ್ನೂ ಒಂದ್ಸಲ ಕರ್ಕಂಡು ಹೋಗಮ್ಮ.’ ನನಗೆ ಗೆದ್ದ ಹಿಗ್ಗು. ಆ ಹಿಗ್ಗಿನಲ್ಲೇ ಊರಿಗೆಲ್ಲ ಆಗುವಷ್ಟು ಹೋಳಿಗೆ ತಟ್ಟತೊಡಗಿದೆ. ಗೆದ್ದವಳಿಗೆ ಸಿಕ್ಕ ಬಹುಮಾನ ಒಲೆಯ ಮುಂದಿನ ಬೆವರು. ಸೋತವರು ಚಪ್ಪರದ ನೆರಳಲ್ಲಿ ಹೊಟ್ಟೆ ಹಿಡಿದುಕೊಂಡರೂ ಹರಟೆ ಹೊಡೆಯುತ್ತಿದ್ದರು. ಚೈತ್ರಾ ಹೂರಣದ ಉಂಡೆ ಮಾಡುತ್ತಿದ್ದಳು. ಅವಳಿಗೆ ನಾನು ಮುಟ್ಟೆಂದರೇನು, ಮೈಲಿಗೆಯೆಂಬುದು ಎಂಥ ಮೋಸ, ಈ ಗಂಡಸರಿಗೆ ಏಕೆ ಬುದ್ಧಿ ಬರುವುದಿಲ್ಲ ಎಂದು ತರಗತಿಯಲ್ಲಿ ಹೇಳುವುದಕ್ಕಿಂತ ಚೆನ್ನಾಗಿ ವಿವರಿಸುತ್ತಿದ್ದೆ.

ಅಷ್ಟರಲ್ಲಿ ಶಾರದಾ ಹಿತ್ತಲ ಬಾಗಿಲಿಗೆ ಬಂದಳು. ಮುಖ ಬಿಳಿಚಿಕೊಂಡಿತ್ತು. ‘ಅಕ್ಕಾ, ಹೊಟ್ಟೆ ಹಿಂಡ್ತೈತೆ, ಒಂಚೂರು ಬಿಸಿನೀರು’ ಎಂದು ಹೊಸ್ತಿಲ ಒಳಗೆ ಕಾಲಿಟ್ಟು ಹಂಡೆಯ ಕಡೆ ಕೈ ಚಾಚಿದಳು.

‘ಅಯ್ಯಯ್ಯೋ, ಮುಟ್ಟಬ್ಯಾಡ! ಎಡೆ ಇನ್ನೂ ಆಗಿಲ್ಲ!’

ಕೂಗಿದ್ದು ಅತ್ತೆಯೆಂದು ತಿರುಗಿ ನೋಡಿದೆ. ಅತ್ತೆ ಅಲ್ಲಿರಲೇ ಇಲ್ಲ; ದೇವರ ಕೋಣೆಯಲ್ಲಿದ್ದರು. ಕೂಗಿದ ಬಾಯಿ ನನ್ನದೇ.

ಚೈತ್ರಾ ಎದ್ದು, ಚಿಕ್ಕಮ್ಮನ ಕೈ ಹಿಡಿದು ಒಳಗೆ ಕರೆದು, ಒಲೆಯ ಪಕ್ಕದಲ್ಲೇ ಕೂರಿಸಿ, ಹಂಡೆಯಿಂದ ನೀರು ಬಗ್ಗಿಸಿ ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು:

‘ಅಮ್ಮಾ, ನೀನು ಯಾವಾಗ ಅಜ್ಜಿ ಕೊಟ್ಟ ಗುಳಿಗೆ ನುಂಗ್ದೆ?’

ತವೆಯ ಮೇಲೆ ಹೋಳಿಗೆ ಸೀಯುತ್ತಿತ್ತು. ಅದನ್ನು ಮಗುಚುವ ನೆಪದಲ್ಲಿ ವಿಜ್ಞಾನದ ಮೇಡಂ ಆ ಕಡೆ ತಿರುಗಿದರು.